ಕನ್ನಡ ಪಿಡಿಎಫ್ ಸ್ಕ್ರೀನ್ ರೀಡರ್‌ನಲ್ಲಿ ಕಲಸುಮೇಲೋಗರವಾಗಿ ಕೇಳುತ್ತಿದೆ, ಸರಿ ಮಾಡುವುದು ಹೇಗೆ?

ತೊಗರಿನಾಡು | ಕಲಬುರಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಬಿಎ ಎರಡನೇ ವರ್ಷದಲ್ಲಿ ಕಣ್ಣು ಕಾಣದ ಒಬ್ಬ ವಿದ್ಯಾರ್ಥಿನಿ ಇದ್ದಾಳೆ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್, ಅಂದರೆ ಪರದೆಯ ಅಕ್ಷರಗಳನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಹಾಕಿಕೊಂಡು ಓದುತ್ತಾಳೆ. ರಾಷ್ಟ್ರಕೂಟರಿಂದ ಬಹಮನಿಗಳವರೆಗೆ 64 ಪುಟದ ನೋಟ್ಸ್ ಮಾಡಿಸಿ, ಪಿಡಿಎಫ್ ಅವಳಿಗೂ ಕಳಿಸಿದ್ದೆ. ಕೈಬರಹ ನನ್ನದು, ಟೈಪ್ ಮಾಡಿಸಿದ್ದು ಸೂಪರ್ ಮಾರ್ಕೆಟ್ ಕಡೆಯ ಒಂದು ಡಿಟಿಪಿ ಅಂಗಡಿಯಲ್ಲಿ.

ಮೊನ್ನೆ ಅವಳು ಸ್ಟಾಫ್ ರೂಮಿಗೆ ಬಂದಳು. ಇಯರ್‌ಫೋನ್ ತೆಗೆದು, "ಮೇಡಂ, ನೀವೇ ಒಮ್ಮೆ ಕೇಳಿ" ಎಂದಳು. ಒಂದೇ ಒಂದು ಕನ್ನಡ ಪದ ಬರಲಿಲ್ಲ. ಇಂಗ್ಲಿಷ್ ಅಕ್ಷರಗಳು, ನಡುನಡುವೆ "ಪೌಂಡ್", "ಪೌಂಡ್" ಅಂತ. ಪರದೆ ಮೇಲೆ ನೋಡಿದರೆ ಅಕ್ಷರ ಮುತ್ತು ಪೋಣಿಸಿದ ಹಾಗಿದೆ. ನಾಲ್ಕು ವಾರದಿಂದ ಅವಳು ಇದನ್ನೇ ಓದಲು ನೋಡಿದ್ದಾಳೆ. ನನಗೆ ಹೇಳಲು ಸಂಕೋಚಪಟ್ಟಿದ್ದಾಳೆ.

ಎನ್‌ವಿಡಿಎ ಕನ್ನಡ ಧ್ವನಿ ಸರಿ ಇಲ್ಲವೇನೋ ಅಂತ ಅದನ್ನು ಬದಲಿಸಿ ನೋಡಿದೆವು. ಉಪಯೋಗವಾಗಲಿಲ್ಲ. ತಿಳಿದವರು ದಾರಿ ಹೇಳಿ. ಪರೀಕ್ಷೆ ಹತ್ತಿರ ಇದೆ.

ಬಿದರಿ ಹೂಜಿ | ಬೀದರ್

ನಮಸ್ಕಾರ ಮೇಡಂ. ನನಗೂ ಕಣ್ಣು ಕಾಣುವುದಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ, ದಿನಪೂರ್ತಿ ಸ್ಕ್ರೀನ್ ರೀಡರ್ ಜೊತೆಗೇ ಇರುತ್ತೇನೆ. ಮೊದಲ ಮಾತು: ಎನ್‌ವಿಡಿಎ ಕೆಟ್ಟಿಲ್ಲ. ಧ್ವನಿ ಬದಲಿಸುವುದರಲ್ಲಿ ಸಮಯ ಕಳೆಯಬೇಡಿ. ಸ್ಕ್ರೀನ್ ರೀಡರ್ ಅಕ್ಷರದ ಆಕಾರ ನೋಡುವುದಿಲ್ಲ. ಅಕ್ಷರದ ಕೆಳಗೆ ಕಂಪ್ಯೂಟರ್ ಇಟ್ಟುಕೊಂಡಿರುವ ಸಂಕೇತವನ್ನು ತೆಗೆದುಕೊಂಡು ಓದುತ್ತದೆ. ಆ ಸಂಕೇತವೇ ಇಂಗ್ಲಿಷ್ ಆಗಿದ್ದರೆ ಅದೇನು ಮಾಡೀತು?

ಎರಡು ಪರೀಕ್ಷೆ ಮಾಡಿ. ಪಿಡಿಎಫ್ ತೆರೆದು ಒಂದು ಸಾಲು ಕಾಪಿ ಮಾಡಿ, ನೋಟ್‌ಪ್ಯಾಡ್‌ನಲ್ಲಿ ಪೇಸ್ಟ್ ಮಾಡಿ. ವರ್ಡ್‌ನಲ್ಲಿ ಬೇಡ. ನಿಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇದ್ದರೆ ವರ್ಡ್ ಅದೇ ಫಾಂಟ್ ಹಾಕಿ ಚೆಂದ ತೋರಿಸಿಬಿಡುತ್ತದೆ, ನೀವು ಮೋಸ ಹೋಗುತ್ತೀರಿ. ಆಮೇಲೆ ಅಕ್ರೊಬ್ಯಾಟ್ ರೀಡರ್‌ನಲ್ಲಿ ಕಂಟ್ರೋಲ್ ಡಿ ಒತ್ತಿ ಫಾಂಟ್ಸ್ ಟ್ಯಾಬ್ ನೋಡಿ. ಯಾವ ಫಾಂಟ್, ಎನ್‌ಕೋಡಿಂಗ್ ಏನು ಅಂತ ಬರೆದಿರುತ್ತದೆ. ಎರಡನ್ನೂ ಇಲ್ಲಿ ಹಾಕಿ.

ತೊಗರಿನಾಡು | ಕಲಬುರಗಿ

ಮಾಡಿದೆ ಸರ್. ನೋಟ್‌ಪ್ಯಾಡ್‌ನಲ್ಲಿ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಗೆರೆ ಇರುವ ಎ ಸಾಲುಸಾಲು, ನಡುವೆ ಪೌಂಡ್ ಗುರುತು. ಫಾಂಟ್ ಪಟ್ಟಿಯಲ್ಲಿ ನುಡಿ 01 ಇ ಅಂತ ಇದೆ. ಎನ್‌ಕೋಡಿಂಗ್ ಆನ್ಸಿ.

ಬಿದರಿ ಹೂಜಿ | ಬೀದರ್

ಹಾಗಿದ್ದರೆ ಗೊತ್ತಾಯಿತು. ಹಳೆ ಆಸ್ಕಿ ನುಡಿ, ಅಂದರೆ ಇಂಗ್ಲಿಷ್ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂಡಿಸಿದ ಫಾಂಟ್. ಈ ಕೆಲಸ ಕೈಯಾರೆ ಮಾಡಿದವರು ಇಲ್ಲೇ ಒಬ್ಬರು ಇದ್ದಾರೆ. ಅಚ್ಚುಮೊಳೆ ಅಣ್ಣಾ, ನೀವು ಹೇಳಿದರೆ ಮೇಡಂಗೆ ಚೆನ್ನಾಗಿ ಅರ್ಥವಾಗುತ್ತದೆ.

ಅಚ್ಚುಮೊಳೆ | ಕಲಬುರಗಿ

ನಮಸ್ಕಾರ್ರಿ ಮೇಡಂ. ನಾನು 22 ವರ್ಷದಿಂದ ಡಿಟಿಪಿ ಮಾಡುತ್ತಿದ್ದೇನೆ. ನಿಮ್ಮ ನೋಟ್ಸ್ ಟೈಪ್ ಮಾಡಿದವನು ನಾನಲ್ಲ. ಆದರೆ ನಾನು ಮಾಡಿದ್ದರೂ ಹೀಗೇ ಆಗುತ್ತಿತ್ತು. ಅದಕ್ಕೇ ಬಿಡಿಸಿ ಹೇಳುತ್ತೇನೆ.

ನಾವು ಕೆಲಸ ಕಲಿತದ್ದು ಪೇಜ್‌ಮೇಕರ್ ಅನ್ನುವ ಪುಟ ವಿನ್ಯಾಸದ ತಂತ್ರಾಂಶದಲ್ಲಿ. ಅದಕ್ಕೆ ಯೂನಿಕೋಡ್, ಅಂದರೆ ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಕೇತ ಕೊಡುವ ವ್ಯವಸ್ಥೆ, ಗೊತ್ತಿಲ್ಲ. ಅದರ ಕೊನೆಯ ಆವೃತ್ತಿ ಬಂದದ್ದೇ 2001ರಲ್ಲಿ. ಆದರೂ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ, ಕರಪತ್ರ ಎಲ್ಲ ಎಷ್ಟೋ ಅಂಗಡಿಯಲ್ಲಿ ಇವತ್ತಿಗೂ ಅದರಲ್ಲೇ ನಡೆಯುತ್ತದೆ. ಕೈ ಕೂತಿದೆ, ಹಳೆ ಫೈಲ್‌ಗಳೆಲ್ಲ ಅದರಲ್ಲೇ ಇವೆ, ಪ್ರೆಸ್‌ನವರೂ ಅದನ್ನೇ ಕೇಳುತ್ತಾರೆ.

ಆ ಕಾಲದ ಫಾಂಟ್‌ಗಳಲ್ಲಿ ಕನ್ನಡಕ್ಕೆ ಅಂತ ಬೇರೆ ಜಾಗವೇ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಕನ್ನಡದ ತುಂಡುಗಳನ್ನು ಕೂಡಿಸಿದರು. "ಕನ್ನಡ" ಅನ್ನುವ ಪದವನ್ನೇ ತೆಗೆದುಕೊಳ್ಳಿ. ಇಂಗ್ಲಿಷ್‌ನ ದೊಡ್ಡ ಪಿ ಇರುವಲ್ಲಿ ತಲೆಕಟ್ಟಿಲ್ಲದ ಕ ಕೂತಿದೆ. ತಲೆ ಮೇಲೆ ಗೆರೆ ಇರುವ ಎ ಜಾಗದಲ್ಲಿ ತಲೆಕಟ್ಟು. ಪೌಂಡ್ ಗುರುತಿನ ಜಾಗದಲ್ಲಿ ನ, ಮತ್ತೆ ತಲೆಕಟ್ಟು. ಜರ್ಮನ್‌ನವರು ಬಳಸುವ ಒಂದು ಅಕ್ಷರದ ಜಾಗದಲ್ಲಿ ನ ಒತ್ತು. ಸಣ್ಣ ಕ್ಯೂ ಜಾಗದಲ್ಲಿ ಡ, ಮತ್ತೊಂದು ತಲೆಕಟ್ಟು. ಮೂರು ಅಕ್ಷರದ ಪದ, ಏಳು ತುಂಡು. ಕಾಗದದ ಮೇಲೆ ಎಲ್ಲ ಕೂಡಿ "ಕನ್ನಡ" ಆಗುತ್ತದೆ. ಕಂಪ್ಯೂಟರಿಗೆ ಮಾತ್ರ ಅದು ಪಿ, ಎ, ಪೌಂಡ್, ಎ, ಜರ್ಮನ್ ಅಕ್ಷರ, ಕ್ಯೂ, ಎ. ನಿಮ್ಮ ಹುಡುಗಿಗೆ ಕೇಳಿಸಿದ ಪೌಂಡ್ ಎಲ್ಲವೂ ನಕಾರವೇ ಮೇಡಂ.

ಇದನ್ನು ಪಿಡಿಎಫ್‌ನಲ್ಲಿ ತಿದ್ದಲು ಹೋಗಬೇಡಿ. ಮೂಲ ಫೈಲ್ ಕೇಳಿ ತನ್ನಿ, ಅಂಗಡಿಯವರು ಇಲ್ಲ ಅನ್ನುವುದಿಲ್ಲ. ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಕನ್ವರ್ಟರ್‌ಗಳು ಪುಕ್ಕಟೆ ಸಿಗುತ್ತವೆ. ಬದಲಿಸುವಾಗ ಒಂದು ಎಚ್ಚರ. ನೋಟ್ಸ್ ನಡುವೆ ನಿಜವಾದ ಇಂಗ್ಲಿಷ್ ಪದ ಇದ್ದರೆ ಕನ್ವರ್ಟರ್ ಅದನ್ನೂ ನುಡಿ ಅಂದುಕೊಂಡು ಕನ್ನಡ ಮಾಡಿ ಹಾಳು ಮಾಡುತ್ತದೆ. ಪುಸ್ತಕಗಳ ಹೆಸರು, ಲೇಖಕರ ಹೆಸರು ಇಂಗ್ಲಿಷ್‌ನಲ್ಲಿದ್ದರೆ ಅವನ್ನು ಬಿಟ್ಟು ಉಳಿದದ್ದನ್ನು ಪ್ಯಾರಾ ಪ್ಯಾರಾ ಬದಲಿಸಿ. ಒಂದೇ ಏಟಿಗೆ 64 ಪುಟ ಹಾಕಿದರೆ ಆಮೇಲೆ ಹುಡುಕಿ ತಿದ್ದುವುದೇ ದೊಡ್ಡ ಕೆಲಸ. ಫಾಂಟ್ ಚೆಂದ ಬೇಕು ಅಂದರೆ ನೋಟೊ ಸೆರಿಫ್ ಕನ್ನಡ ಇದೆ, ಓದಲು ಹಿತವಾಗಿದೆ.

ತೊಗರಿನಾಡು | ಕಲಬುರಗಿ

ಅಣ್ಣಾ, ಇಷ್ಟು ಬಿಡಿಸಿ ನನಗೆ ಯಾರೂ ಹೇಳಿರಲಿಲ್ಲ. ಮೂಲ ಫೈಲ್ ತಂದೆ. ಎರಡು ರಾತ್ರಿ ಕೂತು ಬದಲಿಸಿದೆ. ವರ್ಡ್‌ಗೆ ಹಾಕಿ, ಪ್ರಿಂಟ್ ಒತ್ತಿ ಪಿಡಿಎಫ್ ಮಾಡಿ ಕಳಿಸಿದೆ.

ಈಗ ಕನ್ನಡ ಬರುತ್ತಿದೆ! ಆದರೆ ಪೂರ್ತಿ ಸರಿ ಇಲ್ಲ. "ಅಮೋಘವರ್ಷ" ಅಂತ ಇರುವಲ್ಲಿ "ಅಮೋಘವಷರ್" ಅನ್ನುತ್ತದೆ. "ಕರ್ನಾಟಕ" ಹೋಗಿ "ಕನಾರ್ಟಕ" ಆಗಿದೆ. "ಧರ್ಮ" "ಧಮರ್". ವರ್ಡ್ ಫೈಲ್ ತೆರೆದು ಕೇಳಿದರೆ ಎಲ್ಲ ಸರಿ ಇದೆ. ಪಿಡಿಎಫ್ ಆದ ಕೂಡಲೇ ಕೆಡುತ್ತದೆ. ಜೊತೆಗೆ ಕೆಲವು ಕಡೆ "ಅಂಕ" ಅನ್ನುವ ಬದಲು "ಅ ಸೊನ್ನೆ ಕ" ಅಂತ ಓದುತ್ತದೆ. ಇದೇನು?

ಅಚ್ಚುಮೊಳೆ | ಕಲಬುರಗಿ

ಸೊನ್ನೆಯದ್ದು ನಾನು ಹೇಳುತ್ತೇನೆ. ಬದಲಿಸಿದ ಮೇಲೆ ಕೈಯಿಂದ ಸೇರಿಸಿದ ಸಾಲುಗಳಲ್ಲಿ ನೋಡಿ. ಕನ್ನಡದ ಅಂಕಿ ಸೊನ್ನೆಯೂ ಅನುಸ್ವಾರವೂ ನೋಡಲು ಒಂದೇ ಥರ. "ಅಂಕ" ಬೇರೆ, "ಅ೦ಕ" ಬೇರೆ. ಎರಡನೆಯದರಲ್ಲಿ ಇರುವುದು ಅಂಕಿ. ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಕಿವಿಗೆ ಗೊತ್ತಾಗುತ್ತದೆ. ಫೈಂಡ್ ಅಂಡ್ ರಿಪ್ಲೇಸ್‌ನಲ್ಲಿ ಅಂಕಿ ಸೊನ್ನೆಯನ್ನು ಹುಡುಕಿ ಒಂದೊಂದಾಗಿ ನೋಡಿ ಬದಲಿಸಿ. ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ, ಕನ್ನಡ ಅಂಕಿಯಲ್ಲಿ ಬರೆದ ಇಸವಿಗಳು ಇದ್ದರೆ ಅವು ಕೆಡುತ್ತವೆ.

ಭೀಮಾ ದಂಡೆ | ಯಾದಗಿರಿ

ಅರ್ಕಾವತ್ತು ಹಿಂದೆ ಮುಂದೆ ಆಗುವುದಕ್ಕೆ ಕಾರಣ ಬೇರೆ. ನಾನು ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ, ಪಿಡಿಎಫ್‌ನ ಒಳಗೆ ಇಳಿದು ನೋಡಿದ್ದೇನೆ.

"ವರ್ಷ" ಅಂತ ಬಾಯಲ್ಲಿ ಹೇಳುವಾಗ ರ ಮೊದಲು, ಷ ಆಮೇಲೆ. ಯೂನಿಕೋಡ್‌ನಲ್ಲೂ ಅದೇ ಕ್ರಮ. ಬರೆಯುವಾಗ ಮಾತ್ರ ಷ ಮೊದಲು ಬರೆದು ಅದರ ಬಲಕ್ಕೆ ಅರ್ಕಾವತ್ತು ಹಾಕುತ್ತೇವೆ. ಪಿಡಿಎಫ್ ಒಂದು ಚಿತ್ರಗಾರನ ಹಾಗೆ. ಯಾವ ಆಕಾರವನ್ನು ಪುಟದ ಯಾವ ಜಾಗದಲ್ಲಿ ಇಡಬೇಕು ಅನ್ನುವುದೇ ಅದಕ್ಕೆ ಮುಖ್ಯ. ಹಾಗಾಗಿ ವ, ಷ, ಅರ್ಕಾವತ್ತು ಅಂತ ಕಣ್ಣಿಗೆ ಕಾಣುವ ಕ್ರಮದಲ್ಲೇ ಇಡುತ್ತದೆ.

ಪ್ರತಿ ಫಾಂಟ್ ಜೊತೆಗೆ ಪಿಡಿಎಫ್‌ನಲ್ಲಿ ಒಂದು ಪಟ್ಟಿ ಇರುತ್ತದೆ. ಅದರ ಹೆಸರು ಟುಯೂನಿಕೋಡ್. ಈ ಆಕಾರ ಅಂದರೆ ಈ ಅಕ್ಷರ ಅಂತ ಹೇಳುವ ಪಟ್ಟಿ. ಅದು ಇಲ್ಲದಿದ್ದರೆ ಅಥವಾ ತಪ್ಪಿದ್ದರೆ ಓದುವುದೆಲ್ಲ ಕಸ. ಇದ್ದರೂ ಕನ್ನಡಕ್ಕೆ ಸಾಲುವುದಿಲ್ಲ. ಒಂದು ಆಕಾರಕ್ಕೆ ಎರಡು ಮೂರು ಅಕ್ಷರ ಕೊಡಲು ಅದಕ್ಕೆ ಬರುತ್ತದೆ, "ಕಿ" ಅನ್ನುವ ಒಂದೇ ಆಕಾರಕ್ಕೆ ಕ ಮತ್ತು ಗುಡಿಸು ಅಂತ ಹೇಳಬಹುದು. ಆದರೆ ಆಕಾರಗಳ ಹಿಂದು ಮುಂದು ಸರಿಪಡಿಸಲು ಬರುವುದಿಲ್ಲ. ಅರ್ಕಾವತ್ತಿಗೆ "ರ್" ಅಂತ ಕೊಟ್ಟರೆ, ಕಾಣುವ ಕ್ರಮದಲ್ಲಿ ಓದಿದಾಗ "ವಷರ್" ಆಗಿಯೇ ಆಗುತ್ತದೆ. ಇಂಗ್ಲಿಷ್‌ನವರಿಗೆ ಈ ತೊಂದರೆ ಇಲ್ಲ, ಅಲ್ಲಿ ಬರೆದ ಕ್ರಮವೇ ಓದುವ ಕ್ರಮ.

ಇದಕ್ಕೆ ಪರಿಹಾರ ಪಿಡಿಎಫ್‌ನಲ್ಲೇ ಇದೆ. ಅದನ್ನು ಆಕ್ಚುಯಲ್ ಟೆಕ್ಸ್ಟ್ ಅನ್ನುತ್ತಾರೆ. ಇಷ್ಟು ಆಕಾರಗಳನ್ನು ಬಿಟ್ಟುಬಿಡು, ಇಲ್ಲಿರುವ ಪದ "ವರ್ಷ" ಅಂತ ಓದು, ಎಂದು ಕೆಳಗೆ ಬರೆದಿಡುವುದು. ಅಕ್ರೊಬ್ಯಾಟ್ ಪ್ರೊನಲ್ಲಿ ಟ್ಯಾಗ್‌ನ ಪ್ರಾಪರ್ಟೀಸ್ ತೆರೆದು ಕೈಯಿಂದಲೂ ಹಾಕಬಹುದು. ಒಂದು ಪ್ರಮಾಣಪತ್ರಕ್ಕೆ, ಒಂದು ಪುಟದ ಸುತ್ತೋಲೆಗೆ ಸರಿ. 64 ಪುಟಕ್ಕೆ ಆಗದ ಮಾತು.

ಆದ್ದರಿಂದ ಮೇಡಂ, ಪಿಡಿಎಫ್ ಮಾಡುವ ದಾರಿಯನ್ನೇ ಬದಲಿಸಿ. ಪ್ರಿಂಟ್ ಒತ್ತಿ ಪಿಡಿಎಫ್ ಮಾಡಬೇಡಿ. ಹಾಗೆ ಮಾಡಿದರೆ ಶೀರ್ಷಿಕೆ, ಪಟ್ಟಿ, ಕೋಷ್ಟಕ ಅಂತ ಹೇಳುವ ಟ್ಯಾಗ್‌ಗಳು ಎಲ್ಲ ಉದುರಿ ಹೋಗುತ್ತವೆ. ನಿಮ್ಮ ವರ್ಡ್ ಫೈಲನ್ನು ಲಿಬ್ರೆಆಫೀಸ್‌ನಲ್ಲಿ ತೆರೆಯಿರಿ, ಅದು ಪುಕ್ಕಟೆ. ಸೆಟ್ಟಿಂಗ್ಸ್‌ನಲ್ಲಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್‌ನ ಭಾಷೆ ಕನ್ನಡ ಮಾಡಿ. ಎಕ್ಸ್‌ಪೋರ್ಟ್ ಆಸ್ ಪಿಡಿಎಫ್ ಒತ್ತಿ, ಅಲ್ಲಿ ಯೂನಿವರ್ಸಲ್ ಆಕ್ಸೆಸಿಬಿಲಿಟಿ ಅನ್ನುವ ಪೆಟ್ಟಿಗೆಗೆ ಟಿಕ್ ಹಾಕಿ. ಕಾಣುವ ಕ್ರಮವೂ ಓದುವ ಕ್ರಮವೂ ಹೀಗೆ ಹೊಂದದ ಕನ್ನಡ ಅಕ್ಷರಗಳಿಗೆ ಅದು ಆಕ್ಚುಯಲ್ ಟೆಕ್ಸ್ಟ್ ತಾನೇ ಬರೆಯುತ್ತದೆ.

ಆದ ಮೇಲೆ ಪಿಎಸಿ ಅನ್ನುವ ತಪಾಸಣೆ ತಂತ್ರಾಂಶದಲ್ಲಿ ಹಾಕಿ ನೋಡಿ, ಅದೂ ಪುಕ್ಕಟೆ. ಪಿಡಿಎಫ್ ಎಲ್ಲರಿಗೂ ಓದಲು ಬರುವಂತೆ ಇರಬೇಕು ಅಂತ 2012ರಲ್ಲಿ ಬಂದ ಒಂದು ಐಎಸ್‌ಒ ಮಾನದಂಡ ಇದೆ, ಪಿಡಿಎಫ್ ಯುಎ ಅಂತ. ಅದಕ್ಕೆ ಸರಿ ಇದೆಯಾ ಅಂತ ಪಿಎಸಿ ಹೇಳುತ್ತದೆ. ಆದರೆ ಹಸಿರು ಗುರುತು ಬಂತು ಅಂತ ಸುಮ್ನೆ ಕಳಿಸಬೇಡಿ. ಹಳೆ ನುಡಿಯ ಪೌಂಡ್ ಗುರುತೂ ಯೂನಿಕೋಡ್‌ನಲ್ಲಿರುವ ಅಕ್ಷರವೇ, ಯಂತ್ರಕ್ಕೆ ಅದರಲ್ಲಿ ತಪ್ಪು ಕಾಣುವುದಿಲ್ಲ. ಒಂದು ಪುಟ ಕಿವಿಯಿಂದ ಕೇಳಲೇಬೇಕು.

ಹಳೆ ಮೇಷ್ಟ್ರು | ಬೀದರ್

ಇಷ್ಟೆಲ್ಲ ತಾಪತ್ರಯ ಯಾಕೆ ತಾಯಿ? ನೀವೇ ಪಾಠ ಓದಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೊಡಿ. ನಾನು ಸೇವೆಯಲ್ಲಿದ್ದಾಗ ಕ್ಯಾಸೆಟ್ ಮಾಡಿ ಕೊಡುತ್ತಿದ್ದೆ. ಮಕ್ಕಳು ಪಾಸಾಗುತ್ತಿದ್ದರು.

ಆರು ಚುಕ್ಕಿ | ಕಲಬುರಗಿ

ಸರ್, ನಮಸ್ಕಾರ. ಮೇಡಂ ಹೇಳುತ್ತಿರುವ ವಿದ್ಯಾರ್ಥಿನಿ ನಾನೇ. ನೀವು ಕ್ಯಾಸೆಟ್ ಮಾಡಿ ಕೊಟ್ಟದ್ದು ದೊಡ್ಡ ಕೆಲಸ. ಹೈಸ್ಕೂಲಿನಲ್ಲಿ ನನಗೂ ನಮ್ಮಕ್ಕ ಓದಿ ರೆಕಾರ್ಡ್ ಮಾಡಿ ಕೊಡುತ್ತಿದ್ದಳು. ಅದರಿಂದಲೇ ಇಲ್ಲಿವರೆಗೆ ಬಂದೆ.

ಆದರೆ ರೆಕಾರ್ಡಿಂಗ್‌ನಲ್ಲಿ ಪದದ ಒಳಗೆ ಹೋಗಲು ಬರುವುದಿಲ್ಲ. ನಾನು ಬಾಣದ ಕೀಲಿ ಒತ್ತಿ ಒಂದೊಂದೇ ಅಕ್ಷರ ಕೇಳುತ್ತೇನೆ. ಶಾಸನ ಅನ್ನುವಲ್ಲಿ ಮೊದಲನೆಯದು ಯಾವ ಶ, ನಡುವಿನದು ಯಾವ ಸ ಅಂತ ನನಗೆ ಗೊತ್ತಾಗುವುದು ಹಾಗೆಯೇ. ನಮ್ಮ ಕಡೆ ಮಾತಿನಲ್ಲಿ ಶ, ಷ, ಸ ಬಹಳ ಸಲ ಒಂದೇ ಆಗುತ್ತವೆ, ಅಲ್ವಾ? ಕೇಳಿ ಕಲಿತರೆ ಕಾಗುಣಿತ ಬರುವುದಿಲ್ಲ. ನನಗೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವ ಆಸೆ ಇದೆ. ಪರೀಕ್ಷೆಯಲ್ಲಿ ನಾನು ಹೇಳಿದ್ದನ್ನು ಸ್ಕ್ರೈಬ್ ಬರೆಯುತ್ತಾರೆ ನಿಜ, ಆದರೆ ಮುಂದೆ ಕೆಲಸ ಸಿಕ್ಕ ಮೇಲೆ ಪತ್ರ ನಾನೇ ಬರೆಯಬೇಕು.

ಮತ್ತೆ, ಹುಡುಕಲು ಬೇಕು. "1347" ಅಂತ ಹೊಡೆದರೆ ಕಲಬುರಗಿಯಲ್ಲಿ ಬಹಮನಿ ರಾಜ್ಯ ಶುರುವಾದ ಪುಟಕ್ಕೆ ನೇರ ಹೋಗಬೇಕು. ಎಚ್ ಕೀಲಿ ಒತ್ತಿದರೆ ಮುಂದಿನ ಶೀರ್ಷಿಕೆಗೆ ಹಾರಬೇಕು. ಕಣ್ಣಿರುವವರು ಪುಟ ತಿರುವುತ್ತಾರಲ್ಲ, ನಮಗೆ ಇದೇ ಪುಟ ತಿರುವುವುದು.

ಬ್ರೈಲ್ ವಿಷಯವೂ ಇದೆ. ಅಕ್ಷರ ಯೂನಿಕೋಡ್‌ನಲ್ಲಿ ಸರಿಯಾಗಿದ್ದರೆ ಅದೇ ಫೈಲ್‌ನಿಂದ ಕನ್ನಡ ಬ್ರೈಲ್ ಮಾಡಿಕೊಳ್ಳಬಹುದು. ಅಕ್ಷರ ಕೆಟ್ಟಿದ್ದರೆ ಬ್ರೈಲೂ ಕೆಟ್ಟಿರುತ್ತದೆ.

ಮೇಡಂ, ಒಂದು ಮಾತು ಉಳಿದಿದೆ. 41ನೇ ಪುಟದ ಕೋಷ್ಟಕ ಅರ್ಥವಾಗುತ್ತಿಲ್ಲ. ಅದರಲ್ಲಿ ಎಡಕ್ಕೆ ಕಲಬುರಗಿ, ಬಲಕ್ಕೆ ಬೀದರ್ ಇದೆ ಅನಿಸುತ್ತದೆ. ನನಗೆ ಎರಡೂ ಬೆರೆತು ಬರುತ್ತಿವೆ. ಯಾವ ಸುಲ್ತಾನ ಎಲ್ಲಿ ಆಳಿದ ಅಂತ ತಿಳಿಯುತ್ತಿಲ್ಲ.

ಹಳೆ ಮೇಷ್ಟ್ರು | ಬೀದರ್

ತಂಗೀ, ನೀನು ಹೇಳಿದ್ದು ಸರಿ ಇದೆ. ಕಾಗುಣಿತದ ವಿಷಯ ನಾನು ಯೋಚಿಸಿರಲಿಲ್ಲ. ಆ ಮಕ್ಕಳು ಬರೆಯಲು ಹೇಗೆ ಕಲಿತರೋ ಅಂತ ಈಗ ಅನಿಸುತ್ತಿದೆ. ನನ್ನ ಹತ್ತಿರ ಸಮಯ ಇದೆ. ಬದಲಿಸಿದ ಪುಟಗಳ ಪ್ರೂಫ್ ನೋಡುವುದಿದ್ದರೆ ನನಗೆ ಕಳಿಸಿ ಮೇಡಂ.

ಭೀಮಾ ದಂಡೆ | ಯಾದಗಿರಿ

ಕೋಷ್ಟಕಕ್ಕೆ: ಟ್ಯಾಬ್ ಕೀಲಿ ಒತ್ತಿ ಜಾಗ ಬಿಟ್ಟು ಮಾಡಿದ ಕೋಷ್ಟಕ ಇರಬೇಕು. ಕಣ್ಣಿಗೆ ಅದು ಎರಡು ಕಾಲಂ, ಕಂಪ್ಯೂಟರಿಗೆ ಉದ್ದನೆಯ ಒಂದು ಸಾಲು. ಇನ್ಸರ್ಟ್ ಟೇಬಲ್ ಒತ್ತಿ ನಿಜವಾದ ಕೋಷ್ಟಕ ಮಾಡಿ, ಮೊದಲ ಸಾಲನ್ನು ತಲೆಸಾಲು ಅಂತ ಗುರುತಿಸಿ. ಶೀರ್ಷಿಕೆಗಳೂ ಅಷ್ಟೇ. ಅಕ್ಷರ ದಪ್ಪ ಮಾಡಿದರೆ ಶೀರ್ಷಿಕೆ ಆಗುವುದಿಲ್ಲ, ಹೆಡಿಂಗ್ ಸ್ಟೈಲ್ ಹಾಕಬೇಕು. ಅದಿಲ್ಲದೆ ಎಚ್ ಕೀಲಿಗೆ ಸಿಗುವುದಿಲ್ಲ.

ಕಪಾಟು | ಕಲಬುರಗಿ

ನಾನು ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಮೂಲ ಫೈಲ್ ಸಿಗದ ಹಳೆ ಪುಸ್ತಕಗಳ ಬಗ್ಗೆ ಎರಡು ಮಾತು. ಸ್ಕ್ಯಾನ್ ಮಾಡಿದ ಪಿಡಿಎಫ್‌ನಲ್ಲಿ ಅಕ್ಷರವೇ ಇಲ್ಲ, ಬರೀ ಫೋಟೋ. ಅದಕ್ಕೆ ಒಸಿಆರ್, ಅಂದರೆ ಫೋಟೋದಲ್ಲಿರುವ ಅಕ್ಷರ ಗುರುತಿಸುವ ತಂತ್ರಾಂಶ, ಬೇಕು. ಗೂಗಲ್ ಡ್ರೈವ್‌ಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರವಾಗಿ ಬರುತ್ತದೆ. ಟೆಸೆರಾಕ್ಟ್ ಅನ್ನುವ ಪುಕ್ಕಟೆ ತಂತ್ರಾಂಶಕ್ಕೂ ಕನ್ನಡ ಬರುತ್ತದೆ. 300 ಡಿಪಿಐನಲ್ಲಿ, ಪುಟ ನೆಟ್ಟಗಿಟ್ಟು ಸ್ಕ್ಯಾನ್ ಮಾಡಿ. ಒತ್ತಕ್ಷರದಲ್ಲಿ ತಪ್ಪು ಜಾಸ್ತಿ, ಪ್ರೂಫ್ ನೋಡದೆ ಕೊಡಬೇಡಿ. ಮೇಷ್ಟ್ರು ಮುಂದೆ ಬಂದಿದ್ದು ಬಹಳ ಸಂತೋಷ.

ಮತ್ತೊಬ್ಬರ ಪುಸ್ತಕವನ್ನು ಹೀಗೆ ಮಾಡಬಹುದಾ ಅಂತ ಎಷ್ಟೋ ಮೇಷ್ಟ್ರುಗಳು ಹೆದರುತ್ತಾರೆ. 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಗಿದೆ. ಅಂಗವಿಕಲರ ಓದಿಗಾಗಿ, ಲಾಭದ ಉದ್ದೇಶ ಇಲ್ಲದೆ, ಅವರಿಗೆ ಓದಲು ಬರುವ ರೂಪಕ್ಕೆ ಬದಲಿಸಿ ಕೊಡಬಹುದು. ಹೆದರಬೇಡಿ. ಇನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 42ನೇ ಕಲಮು ಓದಿ. ಡಿಜಿಟಲ್ ಮಾಹಿತಿ ಅವರಿಗೂ ಓದಲು ಬರುವಂತೆ ಇರುವ ಹಾಗೆ ಸರಕಾರ ನೋಡಿಕೊಳ್ಳಬೇಕು ಅಂತ ಅದರಲ್ಲಿದೆ. ನಿಮ್ಮ ಕಾಲೇಜಿನ ಸಭೆಯಲ್ಲಿ ಇದನ್ನು ಎತ್ತಿ ಮೇಡಂ.

ಬಿದರಿ ಹೂಜಿ | ಬೀದರ್

ನನ್ನ ಅನುಭವದ ಒಂದು ಮಾತು ಸೇರಿಸುತ್ತೇನೆ. ಪಿಡಿಎಫ್ ಜೊತೆಗೆ ವರ್ಡ್ ಫೈಲನ್ನೂ ಕೊಟ್ಟುಬಿಡಿ ಮೇಡಂ. ನಾನು ಓದುವುದಕ್ಕೆ ಯಾವಾಗಲೂ ಅದನ್ನೇ ಕೇಳುತ್ತೇನೆ. ಅದರಲ್ಲಿ ಅಕ್ಷರ ಮಾತಿನ ಕ್ರಮದಲ್ಲೇ ಇರುತ್ತದೆ, ಅರ್ಕಾವತ್ತು ಜಿಗಿಯುವುದಿಲ್ಲ. ಪಿಡಿಎಫ್ ಹುಟ್ಟಿದ್ದು ಕಾಗದದ ಮೇಲೆ ಎಲ್ಲ ಕಡೆ ಒಂದೇ ಥರ ಕಾಣಲಿ ಅಂತ. ನಮಗೆ ಕಾಣುವುದು ಬೇಕಿಲ್ಲ.

ಪಿಡಿಎಫ್ ಕೊಡಲೇಬೇಕು ಅಂತಿದ್ದರೆ ಡಾಕ್ಯುಮೆಂಟ್ ಭಾಷೆಯನ್ನು ಕನ್ನಡ ಅಂತ ಹಾಕಲು ಮರೆಯಬೇಡಿ. ಅಕ್ರೊಬ್ಯಾಟ್ ಪ್ರೊನಲ್ಲಿ ಪಟ್ಟಿಯಲ್ಲಿ ಕನ್ನಡ ಕಾಣದಿದ್ದರೆ ಕೆ ಎನ್ ಎಂಬ ಎರಡು ಇಂಗ್ಲಿಷ್ ಅಕ್ಷರ ಟೈಪ್ ಮಾಡಿದರೆ ಸಾಕು.

ತೊಗರಿನಾಡು | ಕಲಬುರಗಿ

ಎಲ್ಲರಿಗೂ ಬರೆಯುತ್ತಿದ್ದೇನೆ. ಮೊದಲ 20 ಪುಟ ಮುಗಿಯಿತು. ಲಿಬ್ರೆಆಫೀಸ್‌ನಿಂದ ತೆಗೆದ ಪಿಡಿಎಫ್‌ನಲ್ಲಿ "ಅಮೋಘವರ್ಷ" "ಅಮೋಘವರ್ಷ" ಎಂದೇ ಬರುತ್ತಿದೆ. ಜೊತೆಗೆ ವರ್ಡ್ ಫೈಲನ್ನೂ ಕೊಟ್ಟೆ. ಸುಲ್ತಾನರ ಕೋಷ್ಟಕ ಹೊಸದಾಗಿ ಕಟ್ಟಿದೆ. ಮೇಷ್ಟ್ರು 12 ಪುಟದ ಪ್ರೂಫ್ ಒಂದೇ ದಿನದಲ್ಲಿ ನೋಡಿ ಕಳಿಸಿದರು. ಡಿಟಿಪಿ ಅಂಗಡಿಯ ಹುಡುಗನ ಜೊತೆ ಕೂತು ಮಾತಾಡಿದೆ. ಮುಂದಿನ ಸೆಮಿಸ್ಟರ್ ನೋಟ್ಸ್ ಮೊದಲಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿಕೊಡಲು ಒಪ್ಪಿದ್ದಾನೆ. ಕೀಲಿಮಣೆ ವಿನ್ಯಾಸ ಅದೇ ಇಟ್ಟುಕೊಳ್ಳಬಹುದು ಅಂತ ಗೊತ್ತಾದ ಮೇಲೆ ಅವನ ಅಂಜಿಕೆ ಹೋಯಿತು.

ಕಾಲೇಜಿನ ಸಭೆಯಲ್ಲಿ ವಿಷಯ ಇನ್ನೂ ಎತ್ತಿಲ್ಲ. ಮುಂದಿನ ವಾರ ಇದೆ.

ನಿನ್ನೆ ಸಂಜೆ ಅವಳಿಂದ ಫೋನ್ ಬಂತು. ಮತ್ತೇನು ಕೆಟ್ಟಿತೋ ಅಂದುಕೊಂಡೆ. "ಮೇಡಂ, 7ನೇ ಪುಟದಲ್ಲಿ ಅಮೋಘವರ್ಷ ಪಟ್ಟಕ್ಕೆ ಬಂದದ್ದು 814 ಅಂತ ಇದೆ. 15ನೇ ಪುಟದಲ್ಲಿ 841 ಅಂತ ಇದೆ. ಯಾವುದು ಸರಿ?" ಎಂದು ಕೇಳಿದಳು. ತೆಗೆದು ನೋಡಿದೆ. 15ನೇ ಪುಟದ್ದು ನನ್ನ ಕೈತಪ್ಪು. ಮೂರು ವರ್ಷದಿಂದ ಅದೇ ನೋಟ್ಸ್ ಹಂಚುತ್ತಿದ್ದೇನೆ, ಯಾರೂ ಹೇಳಿರಲಿಲ್ಲ. 814 ಸರಿ ಅಂತ ಹೇಳಿ, ತಿದ್ದಿ, ಎಲ್ಲ ಹುಡುಗರಿಗೂ ಹೊಸ ಫೈಲ್ ಕಳಿಸಿದೆ.